ಎಂಡಿ ರೆಸ್ಪಿರೇಟರಿ ಮುಗೀತಾ ಬಂತು: ಮುಂದೆ ಬ್ರಾಂಕೋಸ್ಕೋಪ್ ಹಿಡಿಯಲಾ, ಐಸಿಯು ಹಿಡಿಯಲಾ?

ಗದಗ_ಟು_ಪುಣೆ:
ನಮಸ್ಕಾರ. ಪುಣೆಯಲ್ಲಿ ಎಂಡಿ ರೆಸ್ಪಿರೇಟರಿ ಮೆಡಿಸಿನ್ (ಶ್ವಾಸಕೋಶದ ಕಾಯಿಲೆಗಳ ಪಿಜಿ) ಕೊನೆಯ ವರ್ಷ. ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದು) ಕೈಗೆ ಹತ್ತಿದೆ, ಇಷ್ಟವೂ ಇದೆ. ಆದರೆ 2025ರ ಜನವರಿಯಲ್ಲಿ ಸಿಂಹಗಡ ರಸ್ತೆ ಕಡೆಯಿಂದ ಸಾಲುಸಾಲು ಜಿಬಿಎಸ್ (ಗೀಯಾನ್-ಬಾರೆ ಸಿಂಡ್ರೋಮ್, ನರಗಳಿಗೆ ಏಟು ಬಿದ್ದು ಸ್ನಾಯುಗಳ ಬಲ ಹೋಗುವ ಕಾಯಿಲೆ) ಕೇಸು ಬಂದವಲ್ಲ, ಆಗ ನನ್ನನ್ನು ಐಸಿಯುಗೆ ಹಾಕಿದ್ದರು. ಅಲ್ಲಿಂದ ಮನಸ್ಸು ಆ ಕಡೆ ವಾಲಿದೆ. ಎಂಡಿ ಆದಮೇಲಿನ ಸೂಪರ್‌ಸ್ಪೆಷಾಲಿಟಿ ಡಿಗ್ರಿ ಡಿಎಂ ಇದೆಯಲ್ಲ, ಅದನ್ನು ಪಲ್ಮನರಿಯಲ್ಲಿ (ಶ್ವಾಸಕೋಶ) ಮಾಡಲಾ, ಕ್ರಿಟಿಕಲ್ ಕೇರ್‌ನಲ್ಲಿ (ಐಸಿಯು) ಮಾಡಲಾ, ಸುಮ್ನೆ ಒಂದು ವರ್ಷದ ಐಡಿಸಿಸಿಎಂ (ಕ್ರಿಟಿಕಲ್ ಕೇರ್ ಡಿಪ್ಲೊಮಾ) ಸಾಕಾ? ಅಮೆರಿಕದಲ್ಲಿರುವ ಕಸಿನ್ "ಇಲ್ಲಿ ಎರಡೂ ಒಂದೇ ಫೆಲೋಶಿಪ್, ಬಂದುಬಿಡು" ಎನ್ನುತ್ತಾನೆ. ಅಪ್ಪ ಮಾತ್ರ "ಇನ್ನೆಷ್ಟು ಓದ್ತೀಯೋ, ಗದಗಿಗೆ ಬಂದು ದವಾಖಾನೆ ಹಾಕು" ಅಂತ ಹಟ ಹಿಡಿದಿದ್ದಾರೆ.

ಮಾಟುಂಗಾ_ಅಕ್ಕ:
ತಮ್ಮಾ, ನಾನು ಮುಂಬೈಯಲ್ಲಿ ಐಸಿಯು ನೋಡಿಕೊಳ್ಳುವವಳು. ಮೂಲ ಎಂಡಿ ಅನಸ್ತೇಶಿಯಾ. ಹಾಗಾಗಿ ಪಕ್ಷಪಾತ ಸ್ವಲ್ಪ ಇರುತ್ತದೆ, ಸಹಿಸಿಕೋ.

ಕಾಗದದ ವಿಷಯ ಮೊದಲು ಮುಗಿಸೋಣ. ಡಿಎಂ ಪಲ್ಮನರಿ, ಡಿಎಂ ಕ್ರಿಟಿಕಲ್ ಕೇರ್, ಡಿಆರ್‌ಎನ್‌ಬಿ (ನ್ಯಾಷನಲ್ ಬೋರ್ಡಿನದು, ಡಿಎಂಗೆ ಸಮ) ಎಲ್ಲವೂ ಮೂರು ವರ್ಷ. ನಿನ್ನ ಎಂಡಿಗೆ ಎರಡು ಕಡೆಗೂ ಅರ್ಹತೆ ಇದೆ. 2022ರಿಂದ ನೀಟ್-ಎಸ್‌ಎಸ್ (ಆ ಸೀಟುಗಳ ಪ್ರವೇಶ ಪರೀಕ್ಷೆ) ಪೇಪರ್ ಎಂಡಿ ವಿಷಯದ ಮೇಲೇ ಬರುತ್ತದೆ, ಆದ್ದರಿಂದ ಈಗ ಓದುತ್ತಿರುವುದು ವ್ಯರ್ಥವಾಗುವುದಿಲ್ಲ. ಏಮ್ಸ್, ಚಂಡೀಗಢ ಪಿಜಿಐಗೆ ಬೇರೆ ಪರೀಕ್ಷೆ, ಐಎನ್‌ಐ-ಎಸ್‌ಎಸ್. ದಿಲ್ಲಿ ಏಮ್ಸ್‌ನ ಡಿಎಂ ಹೆಸರಲ್ಲೇ ಪಲ್ಮನರಿ, ಕ್ರಿಟಿಕಲ್ ಕೇರ್, ಸ್ಲೀಪ್ ಮೂರೂ ಇವೆ. ಅಂಥ ಕಡೆ ಸಿಕ್ಕರೆ ನಿನ್ನ ಪ್ರಶ್ನೆ ಅರ್ಧ ಕರಗಿತು. ಐಡಿಸಿಸಿಎಂ ಕೊಡುವುದು 1993ರಲ್ಲಿ ಇಲ್ಲೇ ಮುಂಬೈಯಲ್ಲಿ ಹುಟ್ಟಿದ, ಐಸಿಯು ವೈದ್ಯರ ಐಎಸ್‌ಸಿಸಿಎಂ ಸೊಸೈಟಿ. ಪ್ರೈವೇಟ್ ಆಸ್ಪತ್ರೆಗಳಲ್ಲಿ ಒಳ್ಳೆ ಬೆಲೆ ಇದೆ. ಆದರೆ ಅದು ಎನ್‌ಎಂಸಿ (ವೈದ್ಯಶಿಕ್ಷಣದ ಸರ್ಕಾರಿ ನಿಯಂತ್ರಕ) ಮಾನ್ಯ ಮಾಡಿದ ಡಿಗ್ರಿ ಅಲ್ಲ. ಪಾಠ ಮಾಡುವ ಆಸೆ ಇದ್ದರೆ ಡಿಎಂ ಅಥವಾ ಡಿಆರ್‌ಎನ್‌ಬಿಯೇ ಬೇಕು.

ಈಗ ನಿನ್ನ ಜಿಬಿಎಸ್‌ಗೆ ಬರುತ್ತೇನೆ, ಉತ್ತರ ಅಲ್ಲೇ ಇದೆ ಅನಿಸುತ್ತದೆ. ಆ ಪೇಷಂಟುಗಳ ಎಕ್ಸ್‌ರೇ ಕ್ಲೀನ್ ಇತ್ತು, ಅಲ್ವಾ? ಲಂಗ್ಸ್‌ಗೆ ಏನೂ ಆಗಿಲ್ಲ, ಉಸಿರೆಳೆಯುವ ಸ್ನಾಯುಗಳಿಗೆ ಬಲ ಇಲ್ಲ. ಸ್ಯಾಚುರೇಶನ್ ನಂಬಿ ಕೂತರೆ ಕೆಟ್ಟೆವು, ಅದು ಬೀಳುವ ಹೊತ್ತಿಗೆ ತಡವಾಗಿರುತ್ತದೆ. ವೈಟಲ್ ಕೆಪ್ಯಾಸಿಟಿ (ಪೂರ್ತಿ ಉಸಿರೆಳೆದು ಹೊರಬಿಡಬಲ್ಲ ಗಾಳಿ) ಕೆಜಿಗೆ 20 ಎಂಎಲ್‌ಗಿಂತ ಇಳಿದರೆ ವೆಂಟಿಲೇಟರಿನ ಟ್ಯೂಬ್ ಹಾಕಲು ತಯಾರಾಗಬೇಕು. ಇಲ್ಲಿವರೆಗೆ ನಿಮ್ಮ ಪಿಎಫ್‌ಟಿ (ಉಸಿರಿನ ಶಕ್ತಿ ಅಳೆಯುವ) ರೂಮಿನ ವಿದ್ಯೆ. ಟ್ಯೂಬ್ ಹಾಕಿದ ಮೇಲೆ? ಬಿಪಿ ಒಮ್ಮೆ ಏರುತ್ತದೆ, ಒಮ್ಮೆ ಕುಸಿಯುತ್ತದೆ. ಪ್ಲಾಸ್ಮಾ ಎಕ್ಸ್‌ಚೇಂಜು, ಫೀಡು, ಬೆಡ್‌ಸೋರು, ಟ್ರೇಕಿಯಾಸ್ಟಮಿ (ಕುತ್ತಿಗೆಯಲ್ಲಿ ಉಸಿರಿನ ದಾರಿ ಮಾಡುವುದು), ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟದ ಹಾಗೆ ಕಾಯುವುದು. ವಾರಗಟ್ಟಲೆ ಇದೇ. ನಿನ್ನ ಮನಸ್ಸು ವಾಲಿದ್ದು ಮೊದಲ ಗಂಟೆಗೋ, ಮೂರನೇ ವಾರಕ್ಕೋ? ಮೊದಲ ಗಂಟೆ ಎಲ್ಲರಿಗೂ ಇಷ್ಟ. ಮೂರನೇ ವಾರದಲ್ಲೂ ಆ ಬೆಡ್ ಹತ್ತಿರ ನಿಲ್ಲಬೇಕು ಅನಿಸಿದ್ದರೆ ಕ್ರಿಟಿಕಲ್ ಕೇರಿಗೆ ಬಾ.

ಸೀಟು ಆರಿಸುವಾಗ ಆಸ್ಪತ್ರೆಯ ಹೆಸರಿಗಿಂತ ಒಂದು ವಿಷಯ ವಿಚಾರಿಸು: ಐಸಿಯು ಓಪನ್ನೋ, ಕ್ಲೋಸ್ಡೋ? ಕ್ಲೋಸ್ಡ್ ಅಂದರೆ ಒಳಗೆ ಬಂದ ಪೇಷಂಟಿಗೆ ಐಸಿಯು ತಂಡವೇ ಯಜಮಾನ. ಓಪನ್ ಅಂದರೆ ಅಡ್ಮಿಟ್ ಮಾಡಿದ ಡಾಕ್ಟರೇ ಯಜಮಾನ, ನೀನು ಫೋನ್ ಮಾಡುವವನು. ನಾನು ಹಿಂದೆ ಇದ್ದ ಒಂದು ದೊಡ್ಡ ಆಸ್ಪತ್ರೆಯಲ್ಲಿ ರಾತ್ರಿ ನೊರಾಡ್ರೆನಲಿನ್ (ಬಿಪಿ ಏರಿಸುವ ಔಷಧ) ಏರಿಸುವುದಕ್ಕೂ ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಬೇಕಿತ್ತು. ಅಲ್ಲಿ ಕಲಿತದ್ದು ಫೋನ್ ಮರ್ಯಾದೆ, ಅಷ್ಟೇ. ನಮ್ಮಲ್ಲಿ ಮಳೆಗಾಲದಲ್ಲಿ ಲೆಪ್ಟೋ (ಇಲಿಜ್ವರ) ಬರುತ್ತದೆ. ಕಿಡ್ನಿ, ಲಿವರ್ ಜೊತೆಗೆ ಲಂಗ್ಸ್ ಒಳಗೂ ರಕ್ತಸ್ರಾವ. ಅಂಥವನಿಗೆ ಎತ್ತರ ಅಳೆದು ಕೆಜಿಗೆ 6 ಎಂಎಲ್ ಟೈಡಲ್ ವಾಲ್ಯೂಮ್ (ಒಂದೊಂದು ಉಸಿರಿಗೆ ಕೊಡುವ ಗಾಳಿ) ಇಡುವುದು, ಪ್ರೋನ್ ಮಾಡಿ (ಬೋರಲು ಮಲಗಿಸಿ) 16 ಗಂಟೆ ಕಾಯುವುದು, ಇದೆಲ್ಲ ನಿನ್ನ ನಿರ್ಧಾರವಾಗಿದ್ದಾಗ ಮಾತ್ರ ಕೈಗೆ ಹತ್ತುತ್ತದೆ.

ಅಮೆರಿಕದ ಮಾತು: ಕಸಿನ್ ಹೇಳಿದ್ದು ನಿಜ, ಆದರೆ ಪೂರ್ತಿ ಹೇಳಿಲ್ಲ. ಯುಎಸ್‌ಎಂಎಲ್‌ಇ (ಅಲ್ಲಿನ ವೈದ್ಯರ ಲೈಸೆನ್ಸ್ ಪರೀಕ್ಷೆ) ಆಗಬೇಕು, ನಂತರ ಇಂಟರ್ನಲ್ ಮೆಡಿಸಿನ್ ಮೂರು ವರ್ಷ, ಆಮೇಲೆ ಆ ಜೋಡಿ ಫೆಲೋಶಿಪ್ ಇನ್ನೂ ಮೂರು ವರ್ಷ. ನಿನ್ನ ಎಂಡಿ ಅಲ್ಲಿ ರೆಸಿಡೆನ್ಸಿಯ ಲೆಕ್ಕಕ್ಕೆ ಬರುವುದಿಲ್ಲ.

ಪಣಜಿ_ಎದೆವೈದ್ಯ:
ಅಕ್ಕನ ಮಾತು ಸರಿ, ಆದರೆ ಅಪ್ಪನನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಡಾಕ್ಟ್ರೇ, ಪಲ್ಮನಾಲಜಿಸ್ಟ್ ಗದಗಿನಲ್ಲಿ ಒಬ್ಬನೇ ಕೂತು ಕೆಲಸ ಮಾಡಬಹುದು. ಒಂದು ಸ್ಪೈರೋಮೀಟರ್, ಒಂದು ಸ್ಕೋಪ್, ಪ್ಲೂರಾದ (ಶ್ವಾಸಕೋಶದ ಹೊದಿಕೆಯ) ನೀರು ತೆಗೆಯಲು ಅಲ್ಟ್ರಾಸೌಂಡ್ ಇದ್ದರೆ ಆಯ್ತು. ಇಂಟೆನ್ಸಿವಿಸ್ಟ್‌ಗೆ (ಐಸಿಯು ತಜ್ಞನಿಗೆ) ಹಾಗಲ್ಲ. ಡಯಾಲಿಸಿಸ್ ಬೇಕು, ಬ್ಲಡ್ ಬ್ಯಾಂಕ್ ಬೇಕು, ರಾತ್ರಿ ಎಬಿಜಿ (ರಕ್ತದಲ್ಲಿನ ಅನಿಲಗಳ ಪರೀಕ್ಷೆ) ಬೇಕು, ಎಲ್ಲಕ್ಕಿಂತ ಮೊದಲು ಪಳಗಿದ ಸಿಸ್ಟರ್‌ಗಳು ಬೇಕು. ಇವು ಸಿಗದ ಊರಲ್ಲಿ ನಿಮ್ಮ ಡಿಎಂ ಗೋಡೆ ಮೇಲೆ ಇರುತ್ತದೆ. ಅದಕ್ಕೇ ಕಾರವಾರ, ಸಿಂಧುದುರ್ಗದ ಕಡೆಯವರೂ ಆಂಬುಲೆನ್ಸ್‌ನಲ್ಲಿ ಇಲ್ಲಿ ಗೋವಾದ ಬಾಂಬೋಳಿಂ ಜಿಎಂಸಿಗೆ (ಸರ್ಕಾರಿ ಮೆಡಿಕಲ್ ಕಾಲೇಜಿಗೆ) ಬರುತ್ತಾರೆ.

ಇನ್ನೊಂದು. "ಸ್ಕೋಪ್ ಕೈಗೆ ಹತ್ತಿದೆ" ಎಂದಿರಿ. ಎಂಡಿಯಲ್ಲಿ ಹತ್ತುವುದು ಬರೀ ನೋಡಿ ಬರುವ ಸ್ಕೋಪ್. ಈಬಸ್ (ಸ್ಕೋಪ್ ತುದಿಯಲ್ಲಿ ಅಲ್ಟ್ರಾಸೌಂಡ್), ಕ್ರಯೋ ಬಯಾಪ್ಸಿ (ತುಣುಕನ್ನು ಹೆಪ್ಪುಗಟ್ಟಿಸಿ ತೆಗೆಯುವುದು), ಥೊರಾಕೋಸ್ಕೋಪಿ (ಎದೆಗೂಡಿನೊಳಗೆ ಸ್ಕೋಪ್ ಇಳಿಸುವುದು) ಬೇರೆ ಲೋಕ. ಅದರ ರುಚಿ ನೋಡದೆ ಬಿಡಬೇಡಿ. ಐವತ್ತರ ಮೇಲೆ ನೈಟ್ ಡ್ಯೂಟಿ ಹೇಗಿರುತ್ತದೆ ಅಂತ ಅಕ್ಕನನ್ನೇ ಕೇಳಿ.

ಮಾಟುಂಗಾ_ಅಕ್ಕ:
ಕೇಳಬೇಡ ತಮ್ಮಾ. ಕೆಟ್ಟದಾಗಿರುತ್ತದೆ. ಗದಗಿನ ಮಾತು ಮಾತ್ರ ಅವರು ನೂರಕ್ಕೆ ನೂರು ಸರಿ ಹೇಳಿದ್ದಾರೆ.

ಸಿಸ್ಟರ್_ಹಡಪ್ಸರ್:
ಸರ್, ನಾನು ಐಸಿಯು ನರ್ಸ್, ವಿಜಾಪುರದವಳು. ಎಲ್ಲಿ ಸೇರಿದರೂ ಒಂದು ನೋಡಿ. ಒಬ್ಬ ಸಿಸ್ಟರ್‌ಗೆ ವೆಂಟಿಲೇಟರ್ ಪೇಷಂಟ್ ಎಷ್ಟು ಕೊಡುತ್ತಾರೆ? ಒಂದೋ ಎರಡೋ ಇದ್ದರೆ ನೀವು ಬರೆದ ಆರ್ಡರ್ ನಡೆಯುತ್ತದೆ. ನಾಲ್ಕು ಕೊಟ್ಟರೆ ಪ್ರೋನ್ ಮಾಡುವುದಿರಲಿ, ಸಕ್ಷನ್ನಿಗೇ ಪುರಸೊತ್ತು ಇರುವುದಿಲ್ಲ. ಬ್ರೋಶರ್‌ನಲ್ಲಿ ಎಕ್ಮೋ (ದೇಹದ ಹೊರಗೆ ರಕ್ತಕ್ಕೆ ಆಕ್ಸಿಜನ್ ಕೊಡುವ) ಮೆಷಿನ್ ಫೋಟೋ ಮಾತ್ರ ಇರುತ್ತದೆ.

ಗದಗ_ಟು_ಪುಣೆ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ನಿಜ ಹೇಳಬೇಕೆಂದರೆ ಮೂರನೇ ವಾರ ನನಗೆ ಬೇಜಾರಾಗಲಿಲ್ಲ. ಒಬ್ಬ ಹುಡುಗ ಮೊದಲ ಸಲ ಹೆಗಲು ಅಲುಗಾಡಿಸಿದ ದಿನ ನನ್ನ ಡ್ಯೂಟಿ ಇರಲಿಲ್ಲ, ಆದರೂ ಹೋಗಿದ್ದೆ. ಗದಗಿನ ಲೆಕ್ಕ ಅಪ್ಪನ ಜೊತೆ ಕೂತು ಮಾತಾಡಬೇಕು. ಓಪನ್ನೋ ಕ್ಲೋಸ್ಡೋ ಅಂತ ಕೇಳುವುದು ಯಾರನ್ನು? ಎಚ್‌ಒಡಿ ಹತ್ತಿರ ಹೋದರೆ ತಪ್ಪು ತಿಳಿಯುತ್ತಾರಾ?

ಮಾಟುಂಗಾ_ಅಕ್ಕ:
ಎಚ್‌ಒಡಿ ಬೇಡ. ಕ್ಯಾಂಟೀನಿನಲ್ಲಿ ಎರಡನೇ ವರ್ಷದವರನ್ನು ಹಿಡಿ. ಮೊದಲ ವರ್ಷದವರು ನಿದ್ದೆಗೆಟ್ಟಿರುತ್ತಾರೆ, ಮೂರನೆಯವರು ಪರೀಕ್ಷೆಯ ಗುಂಗಲ್ಲಿರುತ್ತಾರೆ. ಚಹಾ ನಿನ್ನ ಲೆಕ್ಕ. ಲಾಗ್‌ಬುಕ್ ತೋರಿಸಿ ಅನ್ನು. ಅದರಲ್ಲಿ ತಾವೇ ಮಾಡಿದ್ದೆಷ್ಟು, ಪಕ್ಕದಲ್ಲಿ ನಿಂತದ್ದೆಷ್ಟು ನೋಡು.