ಪದಚರ್ಚೆ: ಕೋಳಿಯ 'ಫ್ಲೈಸ್ಟ್ರೈಕ್'ಗೆ ಕನ್ನಡದಲ್ಲಿ ಏನನ್ನುತ್ತೀರಿ? (ಸೋಮವಾರ ಅಚ್ಚಿಗೆ)

ತಿಪಟೂರಿನಿಂದ:
ತುರ್ತು. ಹಿತ್ತಲಲ್ಲಿ ನಾಲ್ಕಾರು ನಾಟಿ ಕೋಳಿ, ಗಿರಿರಾಜ ಸಾಕುವವರಿಗೆಂದು ಒಂದು ಪುಟದ ಭಿತ್ತಿಪತ್ರವನ್ನು ಇಂಗ್ಲಿಷಿನಿಂದ ಇಳಿಸುತ್ತಿದ್ದೇನೆ. ತಲೆಬರಹದಲ್ಲೇ ಸಿಕ್ಕಿಬಿದ್ದೆ. ಕೋಳಿಗೆ ಭೇದಿಯಾಗಿ ಬಾಲದ ಬುಡದ ಪುಕ್ಕಕ್ಕೆ ಹಿಕ್ಕೆ ಮೆತ್ತಿಕೊಂಡು ಒದ್ದೆಯಾಗಿರುತ್ತದೆ, ಇಲ್ಲವೇ ಜೊತೆಯ ಕೋಳಿ ಕುಕ್ಕಿದ ಗಾಯ ಇರುತ್ತದೆ. ಹಸಿರು ನೊಣ ಅಲ್ಲಿ ಮೊಟ್ಟೆ ಇಡುತ್ತದೆ. ಸೆಖೆಗಾಲದಲ್ಲಿ ಒಂದು ದಿನ ಕಳೆಯುವಷ್ಟರಲ್ಲಿ ಹುಳ ಹೊರಬಂದು ಚರ್ಮ, ಮಾಂಸ ತಿನ್ನತೊಡಗುತ್ತವೆ. ಇದಕ್ಕೆ ಯಂತ್ರಾನುವಾದ ಕೊಟ್ಟದ್ದು 'ನೊಣ ಮುಷ್ಕರ'. ನೊಣಗಳು ನಿಜಕ್ಕೂ ಮುಷ್ಕರ ಹೂಡಿದ್ದರೆ ನನಗೆ ಈ ಭಿತ್ತಿಪತ್ರದ ಕೆಲಸವೇ ಇರುತ್ತಿರಲಿಲ್ಲ. 'ನೊಣದ ದಾಳಿ' ಎಂದರೆ ನೊಣ ಕಚ್ಚುತ್ತದೆ ಅಂದುಕೊಳ್ಳುತ್ತಾರೆ. ಒಂದು ಪದ ಕೊಡಿ.

ಮೈಸೂರಿನಿಂದ:
ಚರ್ಚಿಸುವಂಥದ್ದು ಏನಿದೆ? ಶಾಸ್ತ್ರದ ಹೆಸರು ಮಯಾಸಿಸ್. ಗ್ರೀಕಿನಲ್ಲಿ 'ಮುಯಿಯ' ಎಂದರೆ ನೊಣ. 1840ರಲ್ಲಿ ಹೋಪ್ ಎಂಬ ಇಂಗ್ಲಿಷ್ ಕೀಟತಜ್ಞ ಇಟ್ಟದ್ದು. ನಮ್ಮಲ್ಲಿ ಮಕ್ಷಿಕೆ ಇದೆ, ಕ್ರಿಮಿ ಇದೆ. 'ಮಕ್ಷಿಕಾಕ್ರಿಮಿರೋಗ'. ಮುಗಿಯಿತು.

ಬೆಂಗಳೂರಿನಿಂದ:
ಕೋಳಿ ಸಾಕುವ ಅಜ್ಜಿಗೆ ಮಕ್ಶಿಕೆ ಯಾಕೆ? ನೊಣ ನಮ್ಮದು, ಬೇನೆ ನಮ್ಮದು. 'ನೊಣಬೇನೆ' ಅನ್ನಿ. ಹೊರಬಾಶೆಯಿಂದ ಕಡ ತಂದು ಕನ್ನಡವನ್ನು ಬಡವಾಗಿಸಿದ್ದು ಸಾಕು.

ಮೈಸೂರಿನಿಂದ:
'ಬೇನೆ' ವೇದನೆಯ ತದ್ಭವ ಸ್ವಾಮಿ. ಷಕಾರ ಬಿಟ್ಟಷ್ಟು ಸಲೀಸಾಗಿ ಸಂಸ್ಕೃತ ಬಿಡಲಾಗದು.

ಬೆಂಗಳೂರಿನಿಂದ:
ತದ್ಬವ ಬೇಡ ಅಂದವರು ಯಾರು? ಕನ್ನಡದ ಬಾಯಲ್ಲಿ ಉರುಳಿ ನುಣುಪಾದದ್ದು ಕನ್ನಡವೇ.

ಧಾರವಾಡದಿಂದ:
ಇದಕ್ಕ ಒಂದು ಹೆಸರು ಅಂತ ಇಲ್ಲರಿ. ಎತ್ತಿನ ಹೆಗಲ ಗಾಯ ಕೆಟ್ಟರ 'ಹುಳಾ ಬಿದ್ದಾವ' ಅಂತೀವಿ. ಕುರಿಗೂ ಅದೇ ಮಾತು, ಕೋಳಿಗೂ ಅದೇ ಮಾತು. ಕನ್ನಡದಾಗ ಇದು ನಾಮಪದ ಅಲ್ಲ, ಕ್ರಿಯಾಪದ. ಇಂಗ್ಲಿಷಿನವರ ಹತ್ರ ನಾಮಪದ ಐತಿ ಅಂತ ನಾವೂ ಒಂದು ಹೊಲಿಸಿಕೊಳ್ಳಬೇಕೇನ್ರಿ?

ಮೈಸೂರಿನಿಂದ:
'ನಿನ್ನ ಬಾಯಿಗೆ ಹುಳ ಬೀಳ' ಎಂಬ ಬೈಗುಳವನ್ನು ಭಿತ್ತಿಪತ್ರದ ತಲೆಬರಹವಾಗಿ ಹಾಕುವುದೇ? ಒಪ್ಪತಕ್ಕದ್ದಲ್ಲ.

ಧಾರವಾಡದಿಂದ:
ಬೈಗುಳ ತಿಳಿದರ ತಾನೇ ಹತ್ತೂದು. 'ನಿನಗ ಮಕ್ಷಿಕಾಕ್ರಿಮಿರೋಗ ಬರಲಿ' ಅಂತ ಬೈದು ನೋಡ್ರಿ, ಆಶೀರ್ವಾದ ಅಂದುಕೊಂಡು ಮಂದಿ ಕೈ ಮುಗಿದು ಹೋಗ್ತಾರ.

ಉಡುಪಿಯಿಂದ:
ಇಷ್ಟು ಹೊತ್ತು 'ಹುಳ', 'ಹುಳಾ' ಎಂದೇ ಬರೆಯುತ್ತಿದ್ದೀರಿ, ಯಾರಿಗೂ ಮುಜುಗರವಿಲ್ಲ. ಹಳಗನ್ನಡದ ರೂಪ ಪುೞು. ತಮಿಳು, ಮಲಯಾಳಗಳಲ್ಲಿ ಈಗಲೂ ಪುೞು, ತೆಲುಗಿನಲ್ಲಿ ಪುರುಗು, ನಮ್ಮ ತುಳುವಿನಲ್ಲಿ ಪುರಿ. ಪಕಾರ ಹಕಾರವಾಗಿ ೞಕಾರ ಳಕಾರವಾದರೆ 'ಹುಳು'. ಹುಳುಕು, ಹುಳುಕುಹಲ್ಲು ಎಂಬಲ್ಲಿ ಉಕಾರ ಎಷ್ಟು ಗಟ್ಟಿಯಾಗಿ ನಿಂತಿದೆ ನೋಡಿ. ಅಚ್ಚಾಗುವುದಾದರೆ 'ಹುಳು' ಎಂದೇ ಆಗಲಿ.

ಶಿರಸಿಯಿಂದ (ಪಶುವೈದ್ಯ, ಈ ಗುಂಪಿನಲ್ಲಿ ಸಾಮಾನ್ಯವಾಗಿ ಓದುಗ ಮಾತ್ರ):
ಹುಳವೋ ಹುಳುವೋ, ಬರೀ ಅಷ್ಟೇ ಹಾಕಿದರೆ ಜನ ಜಂತುಹುಳ ಅಂದುಕೊಳ್ಳುತ್ತಾರೆ. 'ಕೋಳಿಗೆ ಹುಳ' ಎಂದು ಯಾರೋ ಹೇಳಿದ್ದನ್ನು ಕೇಳಿ ಮೂರು ದಿನ ಜಂತಿನ ಔಷಧಿ ಕುಡಿಸಿ, ಬಾಲ ಎತ್ತಿಯೂ ನೋಡದೆ ನನ್ನ ಬಳಿಗೆ ತಂದವರಿದ್ದಾರೆ. 'ನೊಣದ ಹುಳ' ಎಂದು ಬರೆಯಿರಿ. ಧಾರವಾಡದವರ 'ಬೀಳು' ಇರಲಿ, ಅದಕ್ಕಿಂತ ಸ್ಪಷ್ಟವಾದದ್ದು ಸಿಗುವುದಿಲ್ಲ.

ಇನ್ನೊಂದು ತೊಡಕು ಯಾರ ಕಣ್ಣಿಗೂ ಬಿದ್ದಂತಿಲ್ಲ. 'ಮೊಟ್ಟೆ ತೆಗೆಯಿರಿ' ಎಂದು ಅನುವಾದಿಸಿದರೆ ಕೋಳಿ ಸಾಕುವವರು ಬುಟ್ಟಿ ತರುತ್ತಾರೆ. 'ಅಕ್ಕಿತರಿಯ ಹಾಗೆ ಪುಕ್ಕದ ಬುಡಕ್ಕೆ ಗುಪ್ಪೆಯಾಗಿ ಅಂಟಿದ ನೊಣದ ಮೊಟ್ಟೆ' ಎಂದು ಬಿಡಿಸಿ ಹೇಳಿ. 'ಸೀರು' ಅನ್ನಲು ಹೋಗಬೇಡಿ, ಅದು ಹೇನಿನದು. ಕೋಳಿಗೆ ಹೇನೂ ಆಗುತ್ತದೆ, ಅದರ ಮದ್ದು ಬೇರೆ.

ಹಾಗೆಯೇ, ದನದ ಗಾಯಕ್ಕೆ ಹಾಕುವ ರೂಢಿ ಇದೆಯೆಂದು ಡಾಂಬರ್ ಗುಳಿಗೆ ಪುಡಿ, ಟರ್ಪೆಂಟೈನ್ ಎಣ್ಣೆ ಕೋಳಿಗೂ ಹಾಕಿಬಿಡುತ್ತಾರೆ. ಬೇಡ ಎಂಬ ಸಾಲು ಇಂಗ್ಲಿಷಿನಲ್ಲಿ ಇಲ್ಲದಿದ್ದರೂ ನೀವು ಸೇರಿಸಿ. ಕೋಳಿ ಸದಾ ಕೊಕ್ಕಿನಿಂದ ಪುಕ್ಕ ತೀಡಿಕೊಳ್ಳುತ್ತದೆ. ಮೇಲೆ ಹಾಕಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ತಿಪಟೂರಿನಿಂದ:
ವೈದ್ಯರಿಗೆ ಶರಣು. ಹೀಗೆ ಮಾಡಿದ್ದೇನೆ.

'ಕೋಳಿಯ ಮೈಗೆ ನೊಣದ ಹುಳ ಬಿದ್ದಿದೆಯೇ? ಬಾಲ ಎತ್ತಿ ನೋಡಿ.

ಕೋಳಿಯನ್ನು ನೊಣ ಬಾರದ ಕಡೆ, ಮನೆಯೊಳಗೆ ತನ್ನಿ. ಗಾಯದ ಸುತ್ತಲಿನ ಪುಕ್ಕ ಕತ್ತರಿಸಿ. ಲೀಟರಿಗೆ 9 ಗ್ರಾಂ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಚಿಮಟದಿಂದ ಒಂದೊಂದೇ ಹುಳ ತೆಗೆಯಿರಿ. ನೀರಿಗೆ ತಿಳಿ ಚಹಾದ ಬಣ್ಣ ಬರುವಷ್ಟು ಪೋವಿಡೋನ್ ಅಯೋಡಿನ್ ಬೆರೆಸಿ ಗಾಯದ ಮೇಲೆ ಹಾಯಿಸಿ. ಪೂರ್ತಿ ಒಣಗಿಸಿ, ಒದ್ದೆ ಉಳಿದರೆ ನೊಣ ಮತ್ತೆ ಬರುತ್ತದೆ. ಉಳಿದ ನೊಣದ ಮೊಟ್ಟೆ ಒಡೆದು ಹೊಸ ಹುಳ ಬರಬಹುದು, ದಿನಕ್ಕೆ ಎರಡು ಸಲ ನೋಡಿ. ಗಾಯ ಆಳವಾಗಿದ್ದರೆ, ಕೋಳಿ ಮೇವು ಬಿಟ್ಟಿದ್ದರೆ ಪಶುವೈದ್ಯರ ಬಳಿ ಒಯ್ಯಿರಿ. ಐವರ್‌ಮೆಕ್ಟಿನ್ ಅವರು ಹೇಳಿದರೆ ಮಾತ್ರ. ಕೊಟ್ಟ ಮೇಲೆ ಎಷ್ಟು ದಿನ ಆ ಕೋಳಿಯ ಮೊಟ್ಟೆ ತಿನ್ನಬಾರದು ಎಂದೂ ಅವರನ್ನೇ ಕೇಳಿ.'

ಡಾಂಬರ್ ಗುಳಿಗೆಯ ಎಚ್ಚರಿಕೆ ಕೆಳಗೆ ಕೆಂಪಕ್ಷರದಲ್ಲಿದೆ. ಉಡುಪಿಯವರು ಕ್ಷಮಿಸಬೇಕು, ನಮ್ಮ ತುಮಕೂರು ಸೀಮೆಯಲ್ಲಿ 'ಹುಳ'ವೇ.

ಉಡುಪಿಯಿಂದ:
ಕ್ಷಮಿಸಲಾರೆ.

ಬೆಂಗಳೂರಿನಿಂದ:
'ಚಿಮಟ' ಹಿಂದಿಯದು. ಕನ್ನಡದಲ್ಲಿ 'ಇಕ್ಕುಳ' ಇರುವಾಗ ಅದು ಹೇಗೆ ನುಸುಳಿತು?

ಮೈಸೂರಿನಿಂದ:
ಇಕ್ಕುಳ ಕಮ್ಮಾರನ ಕುಲುಮೆಯದು. ಅದರಲ್ಲಿ ಹಿಡಿದರೆ ಹುಳದ ಜೊತೆ ಕೋಳಿಯೂ ಹೋದೀತು.

ಉಡುಪಿಯಿಂದ:
ಚಿಮಟ ಹಿಂದಿಯದು ಎಂದವರಾರು? 'ಚಿವುಟು' ಧಾತು ಇಟ್ಟುಕೊಂಡಿರುವ ನಾವು ಹಿಂದಿಯವರ ಮನೆಗೆ ಹೋಗಿ ಸಾಲ ಕೇಳಿದೆವೇ? ನನ್ನ ಪ್ರಕಾರ ಅವರೇ ಇಲ್ಲಿಂದ ಒಯ್ದದ್ದು. ವಿವರವಾಗಿ ಬರೆಯುತ್ತೇನೆ.

ಮೈಸೂರಿನಿಂದ:
ಬೇಡ.

ಧಾರವಾಡದಿಂದ:
ನಮ್ಮ ಮನ್ಯಾಗ ಹುಬ್ಬು ತೀಡೂದು ಚಿಮಟದಿಂದ. ಇನ್ನ ಮ್ಯಾಲೆ ಇಕ್ಕುಳ ತಗೋ ಅಂತ ಹೇಳಿ ನೋಡ್ತೀನ್ರಿ. ಉಳಿದರ ಬರೀತೀನಿ.

ತಿಪಟೂರಿನಿಂದ (ಮಂಗಳವಾರ):
ಅಚ್ಚಾಯಿತು. ಚಿಮಟವೇ ಇದೆ.

ಬೆಂಗಳೂರಿನಿಂದ:
ಎರಡನೇ ಅಚ್ಚಿಗೆ ನೆನಪಿರಲಿ: ಇಕ್ಕುಳ.