ಅಪ್‌ಡೇಟ್: ದಾವಣಗೆರೆ ಆಫೀಸಿನ ರೀಫ್ ಟ್ಯಾಂಕ್

ಮೊದಲ ಮಹಡಿಯಲ್ಲಿ 6×2×2 ಅಡಿಯ ರೀಫ್ ಟ್ಯಾಂಕ್ (ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂ) ಇಡಬಹುದೇ ಎಂದು ಕೇಳಿದ್ದೆ. ನೀರೇ ಸುಮಾರು 680 ಕೆಜಿ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ಟನ್ ಸಮೀಪ. ಇಂಜಿನಿಯರ್ ಸಲಹೆಯಂತೆ ನೆಲಮಹಡಿಗೆ ಇಳಿಸಿದೆವು.

ಕರೆಂಟ್ ತೆಗೆದು ಪರೀಕ್ಷಿಸಿದಾಗ ಸಂಪ್ (ಟ್ಯಾಂಕಿನ ಕೆಳಗಿರುವ ಫಿಲ್ಟರ್ ತೊಟ್ಟಿ) ಉಕ್ಕಿತು. ಸಂಪಿನಿಂದ ನೀರನ್ನು ಮೇಲಕ್ಕೆ ತರುವ ರಿಟರ್ನ್ ಪೈಪಿನ ಬಾಯಿ ಟ್ಯಾಂಕಿನ ನೀರಿನಲ್ಲಿ 4 ಇಂಚು ಆಳಕ್ಕಿತ್ತು. ಪಂಪ್ ನಿಂತೊಡನೆ ಸೈಫನ್ ಆಗಿ (ಪೈಪೇ ನೀರನ್ನು ಹಿಂದಕ್ಕೆ ಎಳೆದು) ಆ ಬಾಯಿಯ ಮಟ್ಟದವರೆಗಿನ ನೀರೆಲ್ಲ ಕೆಳಗಿಳಿಯಿತು. ಈ ಅಳತೆಯಲ್ಲಿ ಒಂದಿಂಚು ಎಂದರೆ 28 ಲೀಟರ್! ಬಾಯಿಯನ್ನು ಒಂದಿಂಚು ಆಳಕ್ಕೆ ಎತ್ತಿಸಿ, ಸಂಪಿನಲ್ಲಿ 60 ಲೀಟರ್ ಜಾಗ ಖಾಲಿ ಬಿಟ್ಟೆವು. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಒಂದನ್ನೇ ನಂಬಬೇಡಿ, ಸುಣ್ಣ ಕಟ್ಟಿ ಕೈಕೊಡುತ್ತದೆ.

ಬೋರ್ ನೀರು ಬೇಡವೇ ಬೇಡ. ಆರ್‌ಒ-ಡಿಐ ಫಿಲ್ಟರಿನಲ್ಲಿ ಶುದ್ಧ ಮಾಡಿದ ನೀರು, ಟಿಡಿಎಸ್ (ಕರಗಿದ ಲವಣಾಂಶ) 0. ಲೀಟರಿಗೆ ಸುಮಾರು 38 ಗ್ರಾಂ ರೀಫ್ ಸಾಲ್ಟ್, ಸಾಂದ್ರತೆ 1.026. ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆಯೇ ಮೀನು. ಏಪ್ರಿಲ್ ಸೆಖೆಗೆ ನೀರು ತಂಪಾಗಿಡುವ ಚಿಲ್ಲರ್ ಬೇಕೇ ಬೇಕು: ರಾತ್ರಿ ಆಫೀಸಿನ ಎಸಿ ಆಫ್ ಇರುತ್ತದೆ.