ಹನುಕ್ಕಾ ದೀಪ ಕಿಟಕಿಯಲ್ಲೋ, ಮೇಜಿನ ಮೇಲೋ?

ಸಂಜೆಮಲ್ಲಿಗೆ (ಪ್ರಶ್ನೆ):
ದೀಪದ ಹಬ್ಬವಾದ ಹನುಕ್ಕಾದ ಎಂಟು ದಿನವೂ ದೀಪ ಬೀದಿಗೆ ಕಾಣುವಂತೆ ಹಚ್ಚಬೇಕು ಎನ್ನುವುದು ಯೆಹೂದಿಗಳ ಪದ್ಧತಿ. ಯುರೋಪು, ಅಮೆರಿಕಗಳಲ್ಲಿ ಯೆಹೂದಿ ದ್ವೇಷ ಏರಿದಾಗೆಲ್ಲ "ಈ ಸಲ ಪರದೆ ಎಳೆದು ಒಳಗೇ ಹಚ್ಚೋಣವೇ" ಎಂಬ ಮಾತು ಏಳುತ್ತದೆ. ಹಾಗೆ ಮಾಡಿದರೆ ಆಚರಣೆಗೆ ಲೋಪವೇ? ಬಾಗಿಲಿನ ಮೆಝೂಝಾಕ್ಕೂ (ಶಾಸ್ತ್ರವಚನ ಬರೆದ ಚರ್ಮದ ಸುರುಳಿ) ಇದೇ ನಿಯಮವೇ?

ಹಳೆಹೊತ್ತಗೆ:
ಲೋಪವಿಲ್ಲ. ಯೆಹೂದಿ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದಿನ ಶಬ್ಬಾತ್ ಸಂಪುಟದ 21ನೇ ಹಾಳೆಯಲ್ಲಿ ಇದಕ್ಕೆ ನೇರ ಉತ್ತರವಿದೆ: ದೀಪವನ್ನು ಮನೆಬಾಗಿಲ ಹೊರಗಿಡಬೇಕು, ಮಹಡಿಯಲ್ಲಿ ವಾಸವಿದ್ದರೆ ಬೀದಿ ಕಡೆಯ ಕಿಟಕಿಯಲ್ಲಿ, ಅಪಾಯದ ಕಾಲದಲ್ಲಿ ಮೇಜಿನ ಮೇಲಿಟ್ಟರೂ ಸಾಕು. ಅಪಾಯ ಎಂದರೆ ಯಾವುದು? ಪರ್ಷಿಯದ ಅಗ್ನಿಪೂಜಕರು ತಮ್ಮ ಹಬ್ಬದ ದಿನ ಗುಡಿಯಲ್ಲಲ್ಲದೆ ಬೇರೆಲ್ಲೂ ಬೆಂಕಿ ಉರಿಸಗೊಡುತ್ತಿರಲಿಲ್ಲ ಎಂದು 11ನೇ ಶತಮಾನದ ಭಾಷ್ಯಕಾರ ರಾಶಿ ವಿವರಿಸುತ್ತಾರೆ.

ಇದಕ್ಕಿಂತ ಕುತೂಹಲದ್ದು ಮುಂದಿನ ಕಥೆ. 13ನೇ ಶತಮಾನದಲ್ಲಿ ವಿಯೆನ್ನಾದ ಧರ್ಮಪಂಡಿತ ಐಸಾಕ್ ಬೆನ್ ಮೋಶೆ, "ಈಗ ಅಪಾಯವಿಲ್ಲವಲ್ಲ, ಆದರೂ ಒಳಗೇ ಏಕೆ ಹಚ್ಚುತ್ತಿದ್ದೇವೆ" ಎಂದು ಅಚ್ಚರಿಪಟ್ಟಿದ್ದರು. ಅವರಾದ ಮೇಲೂ ಶತಮಾನಗಟ್ಟಲೆ ಅಲ್ಲಿನವರು ಒಳಗೇ ಹಚ್ಚಿದರು. ವಿನಾಯಿತಿ ಕೊಡುವುದು ಸುಲಭ, ಹಿಂದಕ್ಕೆ ಪಡೆಯುವುದು ಕಷ್ಟ. ಅದಕ್ಕೇ ಪರದೆ ಎಳೆಯುವ ಮುನ್ನ ಈ ಬೀದಿಯಲ್ಲಿ, ಈ ವಾರ ನಿಜಕ್ಕೂ ಏನಾಗಿದೆ ಎಂದು ವಿಚಾರಿಸಬೇಕು. ದೂರದ ಊರಿನ ಸುದ್ದಿ ಕೇಳಿ ಒಳಗೆ ತಂದ ದೀಪ ಅಲ್ಲೇ ಉಳಿದುಬಿಡುತ್ತದೆ.

ಉತ್ತರದ ಗಾಳಿ:
ಮೇಲಿನ ಮಾತಿಗೆ ಅರ್ಧ ಒಪ್ಪಿಗೆ. 1931ರಲ್ಲಿ ಜರ್ಮನಿಯ ಕೀಲ್ ನಗರದ ರಬ್ಬಿ (ಯೆಹೂದಿ ಧರ್ಮಗುರು) ಅಕಿವಾ ಪೋಸ್ನರ್ ಅವರ ಕಿಟಕಿಯಲ್ಲಿ ಹನುಕ್ಕಾ ದೀಪವಿತ್ತು, ಎದುರು ಕಟ್ಟಡದಲ್ಲಿ ನಾಜಿ ಧ್ವಜ. ರಬ್ಬಿಯ ಪತ್ನಿ ರಾಖೆಲ್ ತೆಗೆದ ಆ ಫೋಟೊ ಧೈರ್ಯದ ಚಿತ್ರವೆಂದು ಎಲ್ಲೆಡೆ ಹಂಚಿಕೆಯಾಗುತ್ತದೆ. 1933ರಲ್ಲಿ ಆ ಕುಟುಂಬ ಜರ್ಮನಿ ಬಿಟ್ಟಿತು ಎಂಬುದನ್ನು ಹಂಚುವವರು ಕಡಿಮೆ. ಅಭಿಮಾನವಿತ್ತು, ಹೊರಡುವ ಹೊತ್ತು ಯಾವುದೆಂಬ ಅರಿವೂ ಇತ್ತು.

ನೆರೆಯವರ ಪಾಲೂ ಇದರಲ್ಲಿದೆ. 1993ರ ಡಿಸೆಂಬರಿನಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸಿನಲ್ಲಿ ಯೆಹೂದಿ ಮನೆಯೊಂದರ ಕಿಟಕಿಗೆ ಕಲ್ಲು ಬಿತ್ತು. ಊರಿನ ಪತ್ರಿಕೆ ಇಡೀ ಪುಟ ಹನುಕ್ಕಾ ದೀಪದ ಚಿತ್ರ ಅಚ್ಚು ಹಾಕಿತು. ಯೆಹೂದಿಗಳಲ್ಲದವರೂ ಸಾವಿರಾರು ಮನೆಗಳಲ್ಲಿ ಅದನ್ನು ಕಿಟಕಿಗೆ ಅಂಟಿಸಿದರು. ಕಲ್ಲು ಎಸೆಯುವವನಿಗೆ ಯೆಹೂದಿ ಮನೆ ಯಾವುದೆಂದು ತಿಳಿಯದಂತಾಯಿತು. ನನ್ನ ಮಟ್ಟಿಗೆ ಪೊಲೀಸ್ ಕಾವಲಿಗಿಂತ ಇದೇ ಮೇಲು.

ಒಂಬತ್ತನೇ ಬತ್ತಿ:
ಕಿಟಕಿಯಲ್ಲಿಡುವವರಿಗೆ ಕೆಲಸದ ಮಾತು. ದಿನಕ್ಕೊಂದು ಹೆಚ್ಚಿಸುತ್ತ ಮೇಣದ ಬತ್ತಿಗಳನ್ನು ಬಲದಿಂದ ಎಡಕ್ಕೆ ನಿಲ್ಲಿಸಬೇಕು, ಹಚ್ಚುವುದು ಎಡದಿಂದ, ಅಂದರೆ ಆ ದಿನದ ಹೊಸ ಬತ್ತಿಯಿಂದ. ಹಚ್ಚಲು ಬಳಸುವ ಶಮಾಶ್ ಬತ್ತಿ ಬೇರೆಯೇ ಎತ್ತರದಲ್ಲಿ, ಉಳಿದ ಎಂಟು ಒಂದೇ ಮಟ್ಟದಲ್ಲಿ. ಶಮಾಶ್ ಸೇರಿ ಎಂಟು ದಿನಕ್ಕೆ 44 ಬೇಕು, ಮುರಿದವಕ್ಕೆಂದು ಒಂದೆರಡು ಹೆಚ್ಚೇ ಇರಲಿ. ತೀರಾ ಒತ್ತಾಗಿಟ್ಟರೆ ಒಂದರ ಶಾಖಕ್ಕೆ ಪಕ್ಕದ್ದು ಬಾಗಿ ಮೇಣವೆಲ್ಲ ಒಂದೇ ಕಡೆ ಸೋರುತ್ತದೆ.

ನಕ್ಷತ್ರ ಕಂಡ ಮೇಲೆ ಕನಿಷ್ಠ ಅರ್ಧ ಗಂಟೆ ಉರಿಯಬೇಕು. ಎಡವುವುದು ಶುಕ್ರವಾರ: ಅಂದು ಶಬ್ಬಾತ್ (ಆ ಸಂಜೆ ಶುರುವಾಗುವ ವಾರದ ವಿಶ್ರಾಂತಿ ದಿನ) ದೀಪಕ್ಕಿಂತ ಮೊದಲೇ, ಸೂರ್ಯ ಮುಳುಗುವ ಮುನ್ನ ಹಚ್ಚುವುದರಿಂದ ಅರ್ಧ ಗಂಟೆಯ ಸಣ್ಣ ಬತ್ತಿ ಕತ್ತಲಾಗುವಷ್ಟರಲ್ಲಿ ಮುಗಿದಿರುತ್ತದೆ. ಉದ್ದ ಬತ್ತಿ ಅಥವಾ ಹೆಚ್ಚು ಎಣ್ಣೆ ಬೇಕು.

ಬೀದಿಯಿಂದ ಸುಮಾರು 10 ಮೀಟರಿಗಿಂತ ಮೇಲಿನ ಕಿಟಕಿ ದಾರಿಹೋಕರ ಕಣ್ಣಿಗೆ ಬೀಳದು ಎಂಬುದು ಶಾಸ್ತ್ರದ ಲೆಕ್ಕ. ಎದುರು ಅಷ್ಟೇ ಎತ್ತರದ ಮನೆಗಳಿದ್ದರೆ ಅವರಿಗೆ ಕಂಡರೂ ಆಯಿತು. ಭಯವಿರುವಲ್ಲಿ ಹಲವರು ನಿಜವಾದ ದೀಪ ಮೇಜಿನ ಮೇಲೂ, ವಿದ್ಯುತ್ ದೀಪ ಕಿಟಕಿಯಲ್ಲೂ ಇಡುತ್ತಾರೆ. ಆಶೀರ್ವಚನ ಹೇಳುವುದು ಮೇಜಿನದ್ದಕ್ಕೆ ಮಾತ್ರ, ಬಲ್ಬಿಗೆ ಬೇಡವೆಂದೇ ಬಹುತೇಕ ರಬ್ಬಿಗಳ ಮತ.

ಹಳೆಹೊತ್ತಗೆ:
ಮೆಝೂಝಾ ಪ್ರಶ್ನೆ ಉಳಿಯಿತು. ಅದನ್ನು ಮೇಜಿಗೆ ತರಲಾಗದು, ಬಾಗಿಲ ಚೌಕಟ್ಟಿನಲ್ಲೇ ಇರಬೇಕು: ಒಳಗೆ ಹೋಗುವಾಗ ಬಲಗಡೆ, ಮೇಲಿನ ಮೂರನೇ ಒಂದು ಭಾಗದ ಕೆಳತುದಿಯಲ್ಲಿ. ಕಿತ್ತುಹಾಕುವ ಭಯವಿದ್ದರೆ ಚೌಕಟ್ಟಿನಲ್ಲಿ ಕುಳಿ ಕೊರೆದು ಹುದುಗಿಸಬಹುದು, ಆದರೆ ಒಂದು ಹಿಡಿಯಷ್ಟು, ಅಂದರೆ ಸುಮಾರು 8 ಸೆಂ.ಮೀ. ಆಳಕ್ಕೆ ಹೋದರೆ ಅಸಿಂಧು. ಬಾಗಿಲ ಹಿಂದೆ ನೇತುಹಾಕಿದರೆ ಲೆಕ್ಕಕ್ಕೇ ಇಲ್ಲ. ಹೊರಗಿನ ಕವಚಕ್ಕೆ ಅಕ್ಷರ, ಅಲಂಕಾರ ಕಡ್ಡಾಯವಲ್ಲ, ಚೌಕಟ್ಟಿನ ಬಣ್ಣದ್ದೇ ಸಾಕು. ಯಾರಾದರೂ ಹರಿದುಹಾಕಿದರೆ ಮೊದಲು ಫೋಟೊ, ಆಮೇಲೆ ದೂರು, ಆಮೇಲೆ ಹೊಸ ಚರ್ಮದ ಹಾಳೆ. ಹರಿದದ್ದನ್ನು ಕಸಕ್ಕೆ ಹಾಕಬೇಡಿ, ಸಿನಗಾಗಿಗೆ (ಯೆಹೂದಿ ಪ್ರಾರ್ಥನಾ ಮಂದಿರ) ಕೊಟ್ಟರೆ ಅವರೇ ಮಣ್ಣು ಮಾಡುತ್ತಾರೆ.